ಒಂದೊಂದೇ ಇವಿಯ ರಸಾಯನ ಓದುವುದು: ಎಎಫ್‌ಎಂ-ಐಆರ್ ಪ್ರಯೋಗದ ಹಂತಗಳು, ಎಡವುವ ಜಾಗಗಳು

"ಎಕ್ಸೋಸೋಮ್ ಸ್ಯಾಂಪಲ್ ಸಿದ್ಧವಿದೆ, ಎಎಫ್‌ಎಂ-ಐಆರ್ ಯಂತ್ರದಲ್ಲಿ ಒಂದು ದಿನದ ಸಮಯವೂ ಸಿಕ್ಕಿದೆ, ಇನ್ನು ಹೇಗೆ ಮುಂದುವರಿಯಬೇಕು?" ಸಂಶೋಧನಾ ವಿದ್ಯಾರ್ಥಿಗಳು ಪದೇಪದೇ ಕೇಳುವ ಪ್ರಶ್ನೆ ಇದು. ಎಕ್ಸೋಸೋಮ್ ಎಂದರೆ ಜೀವಕೋಶ ಹೊರಬಿಡುವ ಪುಟ್ಟ ಚೀಲ (ವೆಸಿಕಲ್); ಎಎಫ್‌ಎಂ-ಐಆರ್ ಎಂದರೆ ಸೂಜಿಮೊನೆಯಿಂದ ಮೇಲ್ಮೈ ಮುಟ್ಟಿ ನೋಡುವ ಪರಮಾಣು ಬಲ ಸೂಕ್ಷ್ಮದರ್ಶಕಕ್ಕೆ (ಎಎಫ್‌ಎಂ) ಅವಕೆಂಪು ಲೇಸರ್ ಜೋಡಿಸಿದ ಯಂತ್ರ. ಈ ಪ್ರಯೋಗದ ಮುಕ್ಕಾಲು ಪಾಲು ನೀವು ಯಂತ್ರದ ಮುಂದೆ ಕೂರುವ ಮೊದಲೇ ಗೆದ್ದಿರುತ್ತದೆ, ಇಲ್ಲವೇ ಸೋತಿರುತ್ತದೆ. ರೋಹಿತ (ಯಾವ ತರಂಗದ ಬೆಳಕನ್ನು ವಸ್ತು ಎಷ್ಟು ಹೀರಿತು ಎಂಬ ಗೆರೆಚಿತ್ರ; ಅದರ ಏರುಗಳೇ ಪೀಕ್) ಪಡೆಯುವುದು ಕಷ್ಟವಲ್ಲ. ಅದು ವೆಸಿಕಲ್‌ನದೇ ಹೊರತು ಬಫರಿನದಲ್ಲ, ಅಂಟಿನದಲ್ಲ, ಮೊನೆಗೆ ಮೆತ್ತಿದ ಸಿಲಿಕೋನಿನದಲ್ಲ ಎಂದು ತೋರಿಸುವುದೇ ನಿಜವಾದ ಕೆಲಸ. ಮುಂದಿನ ಪ್ರತಿ ಹಂತದಲ್ಲೂ "ಈ ಪೀಕ್ ಎಲ್ಲಿಂದ ಬಂತು?" ಎಂಬ ಒಂದೇ ಪ್ರಶ್ನೆ ಕೇಳಿಕೊಳ್ಳಿ.

ಯಂತ್ರ ಏನನ್ನು ಅಳೆಯುತ್ತದೆ

ಇವಿ (ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್) ಎಂದರೆ ಜೀವಕೋಶಗಳು ಹೊರಕ್ಕೆ ಬಿಡುವ, ಕೊಬ್ಬಿನ ಎರಡು ಪದರದ ಪೊರೆಯುಳ್ಳ ಪುಟ್ಟ ಚೀಲ. ಪ್ರಯೋಗಾಲಯದ ಮಾತಿನಲ್ಲಿ ವೆಸಿಕಲ್. ಎಕ್ಸೋಸೋಮ್‌ಗಳ ಅಡ್ಡಳತೆ ಸುಮಾರು 30ರಿಂದ 150 ನ್ಯಾನೋಮೀಟರ್. ಚೀಲ ಕೋಶದ ಒಳಗಿನ ಎಂಡೋಸೋಮ್‌ನಲ್ಲೇ ಹುಟ್ಟಿತು ಎಂದು ತೋರಿಸಲು ಆಗದಿದ್ದರೆ ಅದನ್ನು ಎಕ್ಸೋಸೋಮ್ ಎನ್ನದೆ "ಸಣ್ಣ ಇವಿ" ಎಂದು ಬರೆಯಿರಿ. ಅಂತಾರಾಷ್ಟ್ರೀಯ ಇವಿ ಸಂಘದ ಮೈಸೆವ್ ಮಾರ್ಗಸೂಚಿಯ ಸಲಹೆಯೂ ಅದೇ. 2023ರ ಆವೃತ್ತಿಯನ್ನು ಮೇಜಿನ ಮೇಲಿಟ್ಟುಕೊಳ್ಳಿ.

ಅವಕೆಂಪು ಬೆಳಕನ್ನು ಯಾವ ಅಣುಬಂಧ ಎಷ್ಟು ಹೀರುತ್ತದೆ ಎಂಬುದರಿಂದ ವಸ್ತುವಿನ ರಸಾಯನ ತಿಳಿಯುತ್ತದೆ. ತೊಡಕಿರುವುದು ತರಂಗದ ಉದ್ದದಲ್ಲಿ. ಪ್ರೋಟೀನಿನ ಮುಖ್ಯ ಪೀಕ್ 1650 ಸೆಂ.ಮೀ.⁻¹ ತರಂಗಸಂಖ್ಯೆಯಲ್ಲಿದೆ (ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಅಲೆಗಳ ಎಣಿಕೆ); ಅಂದರೆ ತರಂಗ 6 ಮೈಕ್ರೋಮೀಟರ್ ಉದ್ದ. ಸಾಮಾನ್ಯ ಅವಕೆಂಪು ಸೂಕ್ಷ್ಮದರ್ಶಕದ ಒಂದು ಚುಕ್ಕೆಯೊಳಗೆ ನೂರಾರು ವೆಸಿಕಲ್‌ಗಳು ಅಡಗಿಬಿಡುತ್ತವೆ. ಎಎಫ್‌ಎಂ-ಐಆರ್ ಬೆಳಕನ್ನು ನೋಡುವುದೇ ಇಲ್ಲ, ಬೆಳಕು ಮಾಡಿದ ಕೆಲಸವನ್ನು ಮುಟ್ಟಿ ತಿಳಿಯುತ್ತದೆ. ಲೇಸರ್ ಮಿಡಿತ ಬಿದ್ದಾಗ, ಆ ತರಂಗವನ್ನು ಹೀರುವ ವಸ್ತು ಕ್ಷಣಮಾತ್ರ ಬಿಸಿಯಾಗಿ ಉಬ್ಬುತ್ತದೆ. ಮೇಲೆ ಕೂತ ಸೂಜಿಮೊನೆ ಆ ಉಬ್ಬಿಗೆ ಅದುರುತ್ತದೆ. ಅದುರುವಿಕೆಯ ಅಳತೆಯೇ ಹೀರುವಿಕೆಯ ಅಳತೆ. ಎಷ್ಟು ಸಣ್ಣದನ್ನು ಬೇರ್ಪಡಿಸಿ ನೋಡಬಹುದು ಎಂಬುದು ಮೊನೆಯ ಮೇಲೆ ನಿಂತಿದೆ: ಒಳ್ಳೆಯ ದಿನ 10ರಿಂದ 30 ನ್ಯಾನೋಮೀಟರ್. ಫ್ರಾನ್ಸಿನ ಓರ್ಸೆಯಲ್ಲಿ ಅಲೆಕ್ಸಾಂದ್ರ್ ದಾಝಿ ತಂಡ 2005ರಲ್ಲಿ ಇದನ್ನು ಮೊದಲು ತೋರಿಸಿತು. ಲೇಸರ್ ಮಿಡಿತವನ್ನು ಕ್ಯಾಂಟಿಲಿವರ್‌ನ (ಮೊನೆ ಹೊತ್ತ ತೆಳು ಪಟ್ಟಿಯ) ಅನುರಣನಕ್ಕೆ, ಅಂದರೆ ಅದು ತಾನಾಗಿಯೇ ಜೋರಾಗಿ ಅದುರುವ ಆವರ್ತನಕ್ಕೆ, ಹೊಂದಿಸಿ ಸಂಕೇತ ಹೆಚ್ಚಿಸುವ ಉಪಾಯ 2014ರ ಹೊತ್ತಿಗೆ ಬಂದ ಮೇಲೆಯೇ ಇವಿಯಂಥ ತೆಳು ವಸ್ತು ಕೈಗೆ ಸಿಕ್ಕಿತು. ಸಿಡ್ನಿ ವಿಶ್ವವಿದ್ಯಾಲಯದ ಗುಂಪು 2019ರಲ್ಲಿ ಇವಿಗೆಂದೇ ವಿವರವಾದ ವಿಧಾನ ಪ್ರಕಟಿಸಿತು.

ಒಂದು ಮಿತಿಯನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಸಂಕೇತ ಬರುವುದು ಮೊನೆಯ ಕೆಳಗಿನ ಇಡೀ ದಪ್ಪದಿಂದ. ಮೇಲ್ಪೊರೆ ಯಾವುದು, ಒಳಸರಕು ಯಾವುದು ಎಂದು ಇದು ಬೇರ್ಪಡಿಸದು. ಯಾವ ಪ್ರೋಟೀನ್ ಎಂದೂ ಹೇಳದು. ಸಿಡಿ63 (ಇವಿ ಗುರುತಿಸಲು ಹುಡುಕುವ ಒಂದು ಪ್ರೋಟೀನ್) ಇದೆಯೇ ಎಂಬುದು ನಿಮ್ಮ ಪ್ರಶ್ನೆಯಾದರೆ ಈ ಯಂತ್ರ ನಿಮಗಲ್ಲ.

ಬೇಕಾಗುವುದು

ತರಂಗಸಂಖ್ಯೆ ಬದಲಾಯಿಸಬಹುದಾದ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ ಇರುವ ಎಎಫ್‌ಎಂ-ಐಆರ್ ಯಂತ್ರ (ಸುಮಾರು 900–1800 ಸೆಂ.ಮೀ.⁻¹ ವ್ಯಾಪ್ತಿ ಸಾಕು), ಚಿನ್ನ ಲೇಪಿಸಿದ ಮೊನೆಗಳು ಕನಿಷ್ಠ ಐದು, ನಯವಾದ ಚಿನ್ನದ ಫಲಕ, ಗಾತ್ರಾನುಸಾರ ಬೇರ್ಪಡಿಸುವ ಕಾಲಮ್, ಅಮೋನಿಯಂ ಅಸಿಟೇಟ್, ಅತಿಶುದ್ಧ ನೀರು, ಒಣ ನೈಟ್ರೋಜನ್, ನಿರ್ವಾತ ಡೆಸಿಕೇಟರ್. ಕಣಗಳ ಎಣಿಕೆಗೆ ಎನ್‌ಟಿಎ ಯಂತ್ರ ಬೇಕು. ದ್ರವದಲ್ಲಿ ಕಣಗಳ ಓಡಾಟವನ್ನು ಹಿಂಬಾಲಿಸಿ ಗಾತ್ರ ಮತ್ತು ಸಂಖ್ಯೆ ಹೇಳುವ ಸಾಧನ ಅದು. ನಿಮ್ಮ ಸಂಸ್ಥೆಯಲ್ಲಿ ಈ ಯಂತ್ರಗಳು ಇಲ್ಲದಿದ್ದರೆ, ದೇಶದ ಸಾರ್ವಜನಿಕ ಸಂಶೋಧನಾ ಉಪಕರಣಗಳ ಐ-ಸ್ಟೆಮ್ ಜಾಲತಾಣದಲ್ಲಿ ಹುಡುಕಿ. ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ.

ಗೋಡೆಗೆ ಅಂಟಿಸಿಕೊಳ್ಳಬೇಕಾದ ಸಂಖ್ಯೆಗಳು (ಇಲ್ಲಿಯೂ ಮುಂದೆಯೂ ಪೀಕ್‌ಗಳ ಸಂಖ್ಯೆಯೆಲ್ಲ ಸೆಂ.ಮೀ.⁻¹ನಲ್ಲಿ):

- 1740 ಸುತ್ತ: ಕೊಬ್ಬಿನ ಎಸ್ಟರ್ ಬಂಧ
- 1600–1700: ಅಮೈಡ್ 1, ಪ್ರೋಟೀನಿನ ಬೆನ್ನೆಲುಬು (1655 ಸುತ್ತ ಸುರುಳಿ ರಚನೆ, 1620–1640 ಹಾಳೆ ರಚನೆ)
- 1545 ಸುತ್ತ: ಅಮೈಡ್ 2
- 1465 ಸುತ್ತ: ಕೊಬ್ಬಿನ ಸರಪಳಿಯ ಬಾಗಾಟ
- 1220–1240 ಮತ್ತು 1080–1090: ಫಾಸ್ಫೇಟ್ (ಪೊರೆಯ ಕೊಬ್ಬು, ಆರ್‌ಎನ್‌ಎ, ಡಿಎನ್‌ಎ ಎಲ್ಲದರಲ್ಲೂ ಉಂಟು)
- 1000–1150: ಸಕ್ಕರೆಗಳು

ಹಂತ 1: ಸ್ಯಾಂಪಲ್ ಶುದ್ಧಿ

ಇಲ್ಲಿ ಕೋಶಕೃಷಿಯ ದ್ರಾವಣದಿಂದ ತೆಗೆದ ಇವಿಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೊದಲ ಸಲಕ್ಕೆ ರಕ್ತದ ಪ್ಲಾಸ್ಮಾ ಬೇಡ. ಅದರಲ್ಲಿ ಇವಿಗಳಿಗಿಂತ ಲೈಪೋಪ್ರೋಟೀನ್ (ರಕ್ತದಲ್ಲಿ ಕೊಬ್ಬು ಹೊತ್ತೊಯ್ಯುವ) ಕಣಗಳೇ ಎಷ್ಟೋ ಪಟ್ಟು ಹೆಚ್ಚು. ಅವುಗಳಲ್ಲೊಂದು ಬಗೆಯಾದ ವಿಎಲ್‌ಡಿಎಲ್ ಕಣಗಳು 30–80 ನ್ಯಾನೋಮೀಟರ್. ಗಾತ್ರದಲ್ಲಿ ಇವಿಯಂತೆಯೇ ಕಾಣುತ್ತವೆ, 1740ರಲ್ಲಿ ಜೋರಾಗಿ ಹೊಳೆಯುತ್ತವೆ. ಅವನ್ನು "ಕೊಬ್ಬು ಹೆಚ್ಚಿರುವ ಇವಿ ಗುಂಪು" ಎಂದು ಬರೆದುಬಿಡುವ ಅಪಾಯ ಸಣ್ಣದಲ್ಲ.

ಕೋಶಗಳಿಗೆ ಹಾಕುವ ಕರುವಿನ ಸೀರಂನಲ್ಲೂ ಅದರದೇ ಇವಿಗಳಿವೆ. ಕೊಯ್ಲಿಗೆ ಮುಂಚಿನ 24–48 ಗಂಟೆ ಸೀರಂ ಇಲ್ಲದ ಮಾಧ್ಯಮ ಬಳಸಿ, ಇಲ್ಲವೇ 1,00,000 ಪಟ್ಟು ಗುರುತ್ವದಲ್ಲಿ ರಾತ್ರಿಯಿಡೀ ತಿರುಗಿಸಿ ಇವಿ ತೆಗೆದ ಸೀರಂ ಬಳಸಿ.

ಕೊಯ್ದ ದ್ರಾವಣವನ್ನು 4 ಡಿಗ್ರಿಯಲ್ಲಿ ತಿರುಗಿಸುತ್ತ ಹೋಗಿ: 300 ಪಟ್ಟು ಗುರುತ್ವದಲ್ಲಿ 10 ನಿಮಿಷ (ಕೋಶಗಳು ತಳಕ್ಕೆ), 2,000ದಲ್ಲಿ 20 ನಿಮಿಷ (ಸತ್ತ ಕೋಶದ ಚೂರುಗಳು), 10,000ದಲ್ಲಿ 30 ನಿಮಿಷ (ದೊಡ್ಡ ವೆಸಿಕಲ್‌ಗಳು). ಪ್ರತಿ ಸಲವೂ ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಳ್ಳಿ. ತಳದ ಗಸಿ ಕದಡಿದರೆ ಮತ್ತೆ ತಿರುಗಿಸಿ. ಬಳಿಕ 100 ಕಿಲೋಡಾಲ್ಟನ್ ಸೋಸುಪೊರೆಯಲ್ಲಿ ತಿಳಿಯನ್ನು 0.5 ಮಿ.ಲೀ.ಗೆ ಇಳಿಸಿ.

ಇವಿಗಳನ್ನು ಪಾಲಿಎಥಿಲೀನ್ ಗ್ಲೈಕಾಲ್‌ನಿಂದ ಗಡ್ಡೆಗಟ್ಟಿಸಿ ಇಳಿಸುವ ಸಿದ್ಧ ಕಿಟ್‌ಗಳನ್ನು ಈ ಪ್ರಯೋಗಕ್ಕೆ ಬಳಸಲೇಬೇಡಿ. ಪಾಲಿಮರ್ ವೆಸಿಕಲ್‌ಗೆ ಮೆತ್ತಿಕೊಂಡು 1100ರ ಸುತ್ತ ದೊಡ್ಡ ಪೀಕ್ ಎಬ್ಬಿಸುತ್ತದೆ, ನಿಮ್ಮ ಫಾಸ್ಫೇಟ್ ಅದರಡಿ ಮುಳುಗುತ್ತದೆ.

ಹಂತ 2: ಬಫರ್ ಬದಲಿಸಿ

ಅತಿ ಹೆಚ್ಚು ಜನ ಜಾರುವುದು ಇಲ್ಲಿ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಎಲ್ಲವೂ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರು) ಇರುತ್ತದೆ. ಒಣಗಿದ ಪಿಬಿಎಸ್ ಎರಡು ಥರ ಮೋಸ ಮಾಡುತ್ತದೆ. ಫಾಸ್ಫೇಟ್ 1080ರ ಸುತ್ತ ಹೊಳೆದು "ಆರ್‌ಎನ್‌ಎ ಸಿಕ್ಕಿತು" ಅನಿಸುತ್ತದೆ. ಅಡುಗೆ ಉಪ್ಪಿನ ಹರಳು ಈ ವ್ಯಾಪ್ತಿಯಲ್ಲಿ ಏನನ್ನೂ ಹೀರುವುದಿಲ್ಲ, ಆದರೆ ತೀರಾ ಸಣ್ಣದಾದರೆ ಎತ್ತರದ ಚಿತ್ರದಲ್ಲಿ ವೆಸಿಕಲ್‌ನಂತೆ ಗುಂಡಗೆ ಕಾಣಬಹುದು.

ಹಾಗೆಂದು ಇವಿಗಳನ್ನು ನೇರ ಶುದ್ಧ ನೀರಿಗೆ ಹಾಕಬೇಡಿ. ನೀರು ಒಳಗೆ ನುಗ್ಗಿ ಚೀಲ ಉಬ್ಬಿ ಒಡೆಯಬಹುದು. ಸರಿಯಾದ ದಾರಿ ಹಾರಿಹೋಗುವ ಬಫರ್. 150 ಮಿಲಿಮೋಲಾರ್ ಅಮೋನಿಯಂ ಅಸಿಟೇಟ್ ದ್ರಾವಣದ ಒತ್ತಡ ಕೋಶದ್ರವದ ಒತ್ತಡಕ್ಕೆ ಹತ್ತಿರ. ಒಣಗಿಸಿದರೆ ಅದು ಆವಿಯಾಗಿ ಹೋಗುತ್ತದೆ. ಒಂದು ಲೀಟರಿಗೆ 11.6 ಗ್ರಾಂ.

ಕಾಲಮ್ಮನ್ನೇ ಇದರಿಂದ ತೊಳೆದಿಟ್ಟರೆ ಶುದ್ಧಿ ಮತ್ತು ಬಫರ್ ಬದಲಿ ಒಟ್ಟಿಗೇ ಆಗುತ್ತವೆ. 10 ಮಿ.ಲೀ. ಕಾಲಮ್‌ಗೆ ಮೊದಲು 20–30 ಮಿ.ಲೀ. ಅಮೋನಿಯಂ ಅಸಿಟೇಟ್ ಹರಿಸಿ, ಆಮೇಲೆ 0.5 ಮಿ.ಲೀ. ಸ್ಯಾಂಪಲ್ ಹಾಕಿ, 0.5 ಮಿ.ಲೀ.ಯ ಪಾಲುಗಳಾಗಿ ಹಿಡಿಯಿರಿ. ಮೊದಲ ಸುಮಾರು 3 ಮಿ.ಲೀ. ಖಾಲಿ. ಮುಂದಿನ ಮೂರ್ನಾಲ್ಕು ಪಾಲುಗಳಲ್ಲಿ ಇವಿ, ಅದರ ನಂತರ ಬಿಡಿ ಪ್ರೋಟೀನ್. ಕಾಲಮ್ಮಿನಿಂದ ಕಾಲಮ್ಮಿಗೆ ಇದು ಸರಿದಾಡುವುದರಿಂದ ಒಮ್ಮೆಯಾದರೂ ಎಲ್ಲ ಪಾಲುಗಳ ಕಣಸಂಖ್ಯೆ ಮತ್ತು ಪ್ರೋಟೀನ್ ಅಳೆದು ನಿಮ್ಮದೇ ನಕ್ಷೆ ಮಾಡಿಕೊಳ್ಳಿ. ಪ್ರೋಟೀನ್ ಏರತೊಡಗಿದ ಪಾಲನ್ನು ಆಸೆಪಟ್ಟು ಸೇರಿಸಬೇಡಿ.

ಇದೇ ದಿನ, ಇದೇ ಕಾಲಮ್ಮಿನಲ್ಲಿ, ಕೋಶವಿಲ್ಲದ ಬರಿಯ ಮಾಧ್ಯಮವನ್ನೂ ಎಲ್ಲ ಹಂತ ದಾಟಿಸಿ ಇಟ್ಟುಕೊಳ್ಳಿ. ಈ "ಖಾಲಿ" ಸ್ಯಾಂಪಲ್ ಇಲ್ಲದೆ ಮುಂದಿನ ಯಾವ ಮಾತಿಗೂ ಬಲವಿಲ್ಲ.

ಕೂಡಲೇ ಅಳೆಯಲಾಗದಿದ್ದರೆ ಸಣ್ಣ ಸಣ್ಣ ಪಾಲುಗಳಾಗಿ ಮೈನಸ್ 80 ಡಿಗ್ರಿಯಲ್ಲಿಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಶೇಖರಣೆಗೆಂದು ಟ್ರೆಹಲೋಸ್ ಸಕ್ಕರೆ ಅಥವಾ ಆಲ್ಬುಮಿನ್ ಪ್ರೋಟೀನ್ ಬೆರೆಸುವ ರೂಢಿ ಉಂಟು. ವೆಸಿಕಲ್‌ಗೆ ಅದು ಹಿತ, ರೋಹಿತಕ್ಕೆ ವಿಷ: ಒಂದು 1000–1150 ಪಟ್ಟಿಯನ್ನು ಮುಚ್ಚುತ್ತದೆ, ಇನ್ನೊಂದು ಅಮೈಡ್ ಪೀಕ್‌ಗಳನ್ನು.

ಹಂತ 3: ಫಲಕ ಆರಿಸಿ

ನಮ್ಮ ಆಯ್ಕೆ ಚಿನ್ನ. ಅದೂ ಅಚ್ಚಿನಿಂದ ಸುಲಿದ ಚಿನ್ನ: ನಯವಾದ ಸಿಲಿಕಾನ್ ಮೇಲೆ ಬೆಳೆಸಿದ ಪದರವನ್ನು ಅಂಟಿನ ಸಹಾಯದಿಂದ ತಿರುವಿ ಸುಲಿದಾಗ ಸಿಗುವ, ಅರ್ಧ ನ್ಯಾನೋಮೀಟರಿನಷ್ಟೂ ಒರಟಿಲ್ಲದ ಮೇಲ್ಮೈ. ಚಿನ್ನದ ಮೊನೆ, ಚಿನ್ನದ ನೆಲ, ಇವೆರಡರ ನಡುವೆ ಬೆಳಕಿನ ಕ್ಷೇತ್ರ ಹಿಗ್ಗುತ್ತದೆ. 20–30 ನ್ಯಾನೋಮೀಟರ್ ಎತ್ತರದ ವೆಸಿಕಲ್‌ಗೆ ಆ ನೆರವು ಬೇಕೇಬೇಕು. ಬಳಸುವ ಗಳಿಗೆಯಲ್ಲೇ ಸುಲಿಯಿರಿ. ಗಾಳಿಯಲ್ಲಿ ಬಿಟ್ಟ ಚಿನ್ನ ಕೆಲವೇ ಗಂಟೆಯಲ್ಲಿ ಎಣ್ಣೆಯಂಥ ಕಶ್ಮಲ ಮೆತ್ತಿಕೊಳ್ಳುತ್ತದೆ.

ಉಳಿದವುಗಳಲ್ಲಿ ಸತುವಿನ ಸಲ್ಫೈಡ್ ಪರವಾಗಿಲ್ಲ. ಕ್ಯಾಲ್ಸಿಯಂ ಫ್ಲೋರೈಡ್ 1000ದ ಆಸುಪಾಸಿನಿಂದ ಕೆಳಗೆ ತಾನೇ ಹೀರತೊಡಗುತ್ತದೆ. ಸಿಲಿಕಾನ್ ಅಗ್ಗ, ಆದರೆ ಅದರೊಳಗಿನ ಆಮ್ಲಜನಕದ ಪೀಕ್ 1107ರಲ್ಲಿದೆ. ಗಾಜು ಮತ್ತು ಅಭ್ರಕ 1000ದ ಸುತ್ತ ಬಲವಾಗಿ ಹೀರುತ್ತವೆ, ಬಿಟ್ಟುಬಿಡಿ.

ವೆಸಿಕಲ್ ನಿಲ್ಲಲೆಂದು ಫಲಕಕ್ಕೆ ಪಾಲಿಲೈಸಿನ್ ಬಳಿಯುವುದು, ಪ್ರತಿಕಾಯ ಕೂರಿಸುವುದು ಎಎಫ್‌ಎಂ ಲೋಕದಲ್ಲಿ ಸಾಮಾನ್ಯ. ಇಲ್ಲಿ ಮಾತ್ರ ಬೇಡ. ಪಾಲಿಲೈಸಿನ್ ಒಂದು ಪೆಪ್ಟೈಡ್, ಪ್ರತಿಕಾಯ ಪ್ರೋಟೀನ್. ಎರಡಕ್ಕೂ ಅಮೈಡ್ ಪೀಕ್ ಇದೆ. ವೆಸಿಕಲ್‌ನ ಪ್ರೋಟೀನ್ ಅಳೆಯಲು ಹೊರಟು ಅಂಟಿನ ಪ್ರೋಟೀನ್ ಅಳೆದಂತಾಗುತ್ತದೆ. ಬರಿಯ ಚಿನ್ನಕ್ಕೆ ಇವಿಗಳು ಸಾಕಷ್ಟು ಚೆನ್ನಾಗಿಯೇ ಅಂಟುತ್ತವೆ.

ಹಂತ 4: ಹನಿ ಹಾಕಿ, ತೊಳೆದು, ಒಣಗಿಸಿ

ಒಂದಕ್ಕೊಂದು ತಾಗದ, ಆದರೆ ಹುಡುಕಿದರೆ ಸಿಗುವಷ್ಟು ವೆಸಿಕಲ್‌ಗಳು ಬೇಕು. ಸುಲಭದ ಲೆಕ್ಕ: ಮಿ.ಲೀ.ಗೆ 100 ಕೋಟಿ ಕಣಗಳಿದ್ದರೆ 10 ಮೈಕ್ರೋಲೀಟರ್ ಹನಿಯಲ್ಲಿ 1 ಕೋಟಿ. ಹನಿ 5 ಮಿ.ಮೀ. ಅಗಲ ಹರಡಿದರೆ ವಿಸ್ತೀರ್ಣ ಸುಮಾರು 2 ಕೋಟಿ ಚದರ ಮೈಕ್ರೋಮೀಟರ್. ಎಲ್ಲವೂ ಅಂಟಿದರೂ 10 × 10 ಮೈಕ್ರೋಮೀಟರ್ ಚೌಕದಲ್ಲಿ 50. ಐದರಲ್ಲೊಂದು ಪಾಲು ನಿಂತರೆ 10. ಒಂದು ಚೌಕಕ್ಕೆ 10ರಿಂದ 30 ಇದ್ದರೆ ಹಿತ. ಅಂದಾಜು ತಪ್ಪುವುದೇ ಹೆಚ್ಚು, ಆದ್ದರಿಂದ ಹತ್ತು ಪಟ್ಟು ಗಟ್ಟಿ, ಇದ್ದದ್ದು, ಹತ್ತು ಪಟ್ಟು ತೆಳು ಎಂದು ಮೂರು ಫಲಕ ಮಾಡಿ.

1. ಹನಿ ಹಾಕಿ, ತೇವವಿರುವ ಮುಚ್ಚಿದ ಡಬ್ಬಿಯಲ್ಲಿ 10–15 ನಿಮಿಷ ಬಿಡಿ. ಹನಿ ಒಣಗಬಾರದು.
2. ಅಂಚಿನಿಂದ ಸೋಸುಕಾಗದ ತಾಗಿಸಿ ದ್ರವ ಹೀರಿಸಿ. ಮೇಲ್ಮೈ ತೀರಾ ಒಣಗುವ ಮುಂಚೆಯೇ 50 ಮೈಕ್ರೋಲೀಟರ್ ಅಮೋನಿಯಂ ಅಸಿಟೇಟ್ ಹಾಕಿ, ಮತ್ತೆ ಹೀರಿಸಿ. ಎರಡು ಸಲ.
3. ಕೊನೆಗೆ ಒಮ್ಮೆ ಅತಿಶುದ್ಧ ನೀರು, ಎರಡು ಸೆಕೆಂಡು ಸಾಕು. ನೆಲಕ್ಕೆ ಅಂಟಿದ ವೆಸಿಕಲ್ ಅಷ್ಟನ್ನು ತಾಳುತ್ತದೆ.
4. ಮೆಲ್ಲನೆ ನೈಟ್ರೋಜನ್ ಊದಿ, ರಾತ್ರಿಯಿಡೀ ನಿರ್ವಾತ ಡೆಸಿಕೇಟರಿನಲ್ಲಿಡಿ. ಆತುರಪಟ್ಟರೆ ಉಳಿದ ಅಸಿಟೇಟ್ 1560 ಮತ್ತು 1415ರ ಸುತ್ತ ಕಾಣಿಸಿಕೊಂಡು ಅಮೈಡ್ 2ರ ಮೇಲೆ ಏರಿ ಕೂರುತ್ತದೆ. ಹೀಟರ್ ಬೇಡ.

ಹನಿಯನ್ನು ಹಾಗೆಯೇ ಒಣಗಲು ಬಿಟ್ಟರೆ, ಟೇಬಲ್ ಮೇಲೆ ಚೆಲ್ಲಿದ ಕಾಫಿಯ ಕಲೆಯಂತೆ ಎಲ್ಲವೂ ಅಂಚಿಗೆ ಸರಿದು ಉಂಗುರವಾಗುತ್ತದೆ. ಉಂಗುರದೊಳಗೆ ಒಂಟಿ ವೆಸಿಕಲ್ ಇರುವುದಿಲ್ಲ, ಗೊಂಚಲುಗಳಿರುತ್ತವೆ.

ಜತೆಗೆ ಮೂರು ಹೋಲಿಕೆ ಫಲಕಗಳು ಬೇಕು: ಹಂತ 2ರ "ಖಾಲಿ" ದ್ರಾವಣ, ಪ್ರೋಟೀನ್ ಇಲ್ಲದ ಲೈಪೋಸೋಮ್ (ಬರಿ ಕೊಬ್ಬಿನ ಕೃತಕ ಚೀಲ, 1740 ಕಾಣಬೇಕು, 1655 ಕಾಣಬಾರದು), ಮತ್ತು ಆಲ್ಬುಮಿನ್ ಪ್ರೋಟೀನಿನ ತೆಳುಪದರ (ಅಮೈಡ್ ಕಾಣಬೇಕು, 1740 ಕಾಣಬಾರದು). ಲೈಪೋಸೋಮ್‌ನಲ್ಲಿ ಅಮೈಡ್ ಕಂಡರೆ ಅಲ್ಲಿಗೇ ನಿಲ್ಲಿಸಿ, ಕೊಳೆ ಎಲ್ಲಿಂದ ಬಂತೆಂದು ಹುಡುಕಿ.

ಹಂತ 5: ಮೊನೆ ಮತ್ತು ಮುಟ್ಟುವ ರೀತಿ

ಮೊನೆ ಸದಾ ಮೇಲ್ಮೈಗೆ ತಾಗಿಕೊಂಡೇ ಎಳೆಯುವ ವಿಧಾನ (ಕಾಂಟ್ಯಾಕ್ಟ್) ಸಂಕೇತದಲ್ಲಿ ಉದಾರ, ಆದರೆ ಸಡಿಲವಾಗಿ ಕೂತ ವೆಸಿಕಲ್‌ಗಳನ್ನು ಪೊರಕೆಯಂತೆ ಗುಡಿಸುತ್ತದೆ. ತಟ್ಟುತ್ತ ಹೋಗುವ ವಿಧಾನ (ಟ್ಯಾಪಿಂಗ್) ಮೃದು. ನಕ್ಷೆಗೆ ಟ್ಯಾಪಿಂಗ್ ಬಳಸಿ; ವೆಸಿಕಲ್ ಗಟ್ಟಿಯಾಗಿ ಅಂಟಿದೆ ಎಂದು ಖಾತ್ರಿಯಾದ ಮೇಲೆ ರೋಹಿತಕ್ಕೆ ಕಾಂಟ್ಯಾಕ್ಟ್‌ಗೆ ಹೋಗಬಹುದು.

ಕಾಂಟ್ಯಾಕ್ಟ್‌ಗೆ ಮೆತ್ತನೆಯ ಕ್ಯಾಂಟಿಲಿವರ್ (ಮೀಟರಿಗೆ 0.07–0.4 ನ್ಯೂಟನ್), ಟ್ಯಾಪಿಂಗ್‌ಗೆ ಸ್ವಲ್ಪ ಬಿಗಿಯಾದದ್ದು (1–7 ನ್ಯೂಟನ್). ಟ್ಯಾಪಿಂಗ್‌ನಲ್ಲಿ ಮೊನೆಯನ್ನು ಎರಡನೇ ಅನುರಣನದಲ್ಲಿ ಕುಣಿಸಿ ಸಂಕೇತವನ್ನು ಮೊದಲನೆಯದರಲ್ಲಿ ಕೇಳುವುದು ವಾಡಿಕೆ. ಲೇಸರ್ ಮಿಡಿತ ಇವೆರಡರ ವ್ಯತ್ಯಾಸಕ್ಕೆ ಸಮನಾಗಿರಬೇಕು. ಆಯತಾಕಾರದ ಕ್ಯಾಂಟಿಲಿವರ್‌ನ ಎರಡನೇ ಅನುರಣನ ಮೊದಲನೆಯದರ ಸುಮಾರು 6.3 ಪಟ್ಟು. ಮೊದಲನೆಯದು 75 ಕಿಲೋಹರ್ಟ್ಸ್ ಆದರೆ ಎರಡನೆಯದು 470ರ ಸುತ್ತ, ಲೇಸರ್ 395ರ ಸುತ್ತ. ಇವು ಅಂದಾಜು ಮಾತ್ರ. ನಿಮ್ಮ ಮೊನೆಯದನ್ನು ಅಳೆದು ಹಾಕಿ.

ಮೊನೆಯ ಕೊಳೆಯ ವಿಚಾರ ಬಹಳ ಜನ ಲಕ್ಷಿಸುವುದಿಲ್ಲ. ಮೊನೆಗಳು ಬರುವುದು ಮೆತ್ತನೆಯ ಜೆಲ್ ಹಾಸಿದ ಡಬ್ಬಿಯಲ್ಲಿ. ಆ ಜೆಲ್ ಸಿಲಿಕೋನ್. ಅದರ ಎಣ್ಣೆ ಮೊನೆಗೆ ಹತ್ತುತ್ತದೆ. 1260ರಲ್ಲಿ ಚೂಪಾದ ಪೀಕ್, 1020–1100ರಲ್ಲಿ ಅಗಲವಾದ ಜೋಡಿ ದಿಬ್ಬ ಕಂಡರೆ ಅದು ಸಿಲಿಕೋನ್. ಇದೇ ಪಟ್ಟಿಯಲ್ಲಿ ನಿಮ್ಮ ಫಾಸ್ಫೇಟ್‌ಗಳೂ ಇರುವುದರಿಂದ ಗೊಂದಲ ಸಹಜ. ಗುರುತು ಹಿಡಿಯಲು 1260 ನೋಡಿ: ಫಾಸ್ಫೇಟಿನ ದಿಬ್ಬ 1220–1240ರಲ್ಲಿ ಅಗಲವಾಗಿರುತ್ತದೆ, ಸಿಲಿಕೋನಿನದು 1260ರಲ್ಲಿ ಸೂಜಿಯಂತೆ ನಿಲ್ಲುತ್ತದೆ. ಹೊಸ ಮೊನೆ ಹಾಕಿದಾಗಲೆಲ್ಲ ಮೊದಲು ಬರಿಯ ಚಿನ್ನದ ಮೇಲೆ ಒಂದು ರೋಹಿತ ತೆಗೆಯಿರಿ. ಅಲ್ಲಿ ಪೀಕ್ ಇದ್ದರೆ ಆ ಮೊನೆ ಕಸದ ಬುಟ್ಟಿಗೆ, ಬೆಲೆ ಎಷ್ಟೇ ಇರಲಿ.

ಹಂತ 6: ಒಣಗಾಳಿ, ಲೇಸರ್ ಹೊಂದಿಕೆ

ನೀರಾವಿ 1400–1800ರ ನಡುವೆ ನೂರಾರು ಚೂಪು ಗೆರೆಗಳಲ್ಲಿ ಬೆಳಕನ್ನು ಕಬಳಿಸುತ್ತದೆ. ಅಮೈಡ್ 1, ಅಮೈಡ್ 2 ಎರಡೂ ಅದೇ ಪಟ್ಟಿಯೊಳಗಿವೆ. ಯಂತ್ರದ ಪೆಟ್ಟಿಗೆಗೆ ಒಣ ನೈಟ್ರೋಜನ್ ಬಿಟ್ಟು ತೇವಾಂಶ ಶೇ 5ಕ್ಕಿಂತ ಕೆಳಗಿಳಿಯುವವರೆಗೆ ಕಾಯಿರಿ. ಮಳೆಗಾಲದಲ್ಲಿ ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು. ಪೆಟ್ಟಿಗೆ ತೆರೆದಾಗಲೆಲ್ಲ ಮತ್ತೆ ಮೊದಲಿನಿಂದ.

ಬಳಿಕ ಲೇಸರ್ ಚುಕ್ಕೆಯನ್ನು ಮೊನೆಯ ಮೇಲೆ ಹೊಂದಿಸಿ. ಈ ಲೇಸರಿನಲ್ಲಿ ಮೂರೋ ನಾಲ್ಕೋ ಚಿಪ್‌ಗಳಿದ್ದು, ಒಂದೊಂದೂ ಒಂದೊಂದು ವ್ಯಾಪ್ತಿಯನ್ನು ನೋಡಿಕೊಳ್ಳುತ್ತದೆ. ಅವುಗಳ ಕಿರಣ ಒಂದೇ ಜಾಗಕ್ಕೆ ಬೀಳಲೇಬೇಕೆಂದಿಲ್ಲ. ಆದ್ದರಿಂದ ಪ್ರತಿ ಚಿಪ್ಪಿಗೆ ಒಂದರಂತೆ ತರಂಗಸಂಖ್ಯೆ ಆರಿಸಿ ಹೊಂದಿಸಿ. 1655ರಲ್ಲಿ ಮಾತ್ರ ಹೊಂದಿಸಿ ಬಿಟ್ಟರೆ ಚಿಪ್ ಬದಲಾಗುವಲ್ಲಿ ರೋಹಿತ ಮೆಟ್ಟಿಲಿನಂತೆ ಜಿಗಿಯುತ್ತದೆ. ಆ ಮೆಟ್ಟಿಲನ್ನೇ "ಭುಜ" (ಪೀಕ್‌ಗೆ ಅಂಟಿದ ಸಣ್ಣ ದಿಬ್ಬ) ಎಂದು ವ್ಯಾಖ್ಯಾನಿಸಿಬಿಡುವ ಅಪಾಯವೂ ಉಂಟು. ಮಿಡಿತದ ಅಗಲ 100–300 ನ್ಯಾನೋಸೆಕೆಂಡ್, ಧ್ರುವೀಕರಣ ಮೊನೆಯ ಉದ್ದಕ್ಕೆ.

ಶಕ್ತಿಯ ರೋಹಿತವನ್ನು (ಪ್ರತಿ ತರಂಗಸಂಖ್ಯೆಯಲ್ಲಿ ಲೇಸರ್ ಎಷ್ಟು ಬೆಳಕು ಕೊಡುತ್ತದೆ ಎಂಬುದು) ಅದೇ ದಿನ, ಅದೇ ತೇವಾಂಶದಲ್ಲಿ ದಾಖಲಿಸಿ. ಎಲ್ಲ ಅಳತೆಗಳನ್ನೂ ಇದರಿಂದ ಭಾಗಿಸಬೇಕು. ಹಳೆಯ ಕಡತ ಬಳಸಿದರೆ ನೀರಾವಿಯ ಹಲ್ಲುಗಳು ರೋಹಿತದಲ್ಲಿ ಉಳಿಯುತ್ತವೆ. ಕೊನೆಗೆ ಪಿಎಂಎಂಎ ಪ್ಲಾಸ್ಟಿಕ್ಕಿನ ತೆಳುಪದರ ಅಳೆದು 1730ರ ಪೀಕ್ ತನ್ನ ಜಾಗದಲ್ಲೇ ಇದೆಯೇ ನೋಡಿಕೊಳ್ಳಿ.

ಹಂತ 7: ವೆಸಿಕಲ್ ಹುಡುಕಿ

10 ಮೈಕ್ರೋಮೀಟರ್ ಚೌಕವನ್ನು 512 ಬಿಂದುಗಳಲ್ಲಿ ನೋಡಿ. ಬಿಂದುವಿಗೆ 20 ನ್ಯಾನೋಮೀಟರ್ ಆಗುತ್ತದೆ. ಲೇಸರ್ ಆರಿರಲಿ. ಒಂಟಿಯಾಗಿರುವ, ದುಂಡಗಿನ, ಸುತ್ತ ಅರ್ಧ ಮೈಕ್ರೋಮೀಟರಾದರೂ ಖಾಲಿ ನೆಲವಿರುವ ಕಣಗಳನ್ನು ಗುರುತಿಸಿ. ಚೂಪು ಮೂಲೆ, ನೇರ ಅಂಚು ಇದ್ದರೆ ಉಪ್ಪು.

ಒಣಗಿದ ವೆಸಿಕಲ್ ಚೆಂಡಿನಂತೆ ಉಳಿಯುವುದಿಲ್ಲ, ನೆಲಕ್ಕೊರಗಿದ ಇಡ್ಲಿಯ ಮೇಲ್ಭಾಗದಂತೆ ಚಪ್ಪಟೆಯಾಗುತ್ತದೆ. ಆದುದರಿಂದ ಗಾತ್ರವನ್ನು ಅಗಲದಿಂದ ಹೇಳಬೇಡಿ. ಗಾತ್ರಫಲದಿಂದ ಹಿಂದಕ್ಕೆ ಲೆಕ್ಕ ಹಾಕಿ. ಎತ್ತರ 30, ಬುಡದ ತ್ರಿಜ್ಯ 75 ನ್ಯಾನೋಮೀಟರ್ ಎನ್ನಿ. ತ್ರಿಜ್ಯದ ವರ್ಗದ ಮೂರು ಪಟ್ಟಿಗೆ ಎತ್ತರದ ವರ್ಗ ಕೂಡಿಸಿ (16,875 + 900), ಎತ್ತರದಿಂದ ಗುಣಿಸಿ (5,33,250), ಘನಮೂಲ ತೆಗೆಯಿರಿ: 81. ಅಷ್ಟೇ ಗಾತ್ರಫಲದ ಚೆಂಡಿನ ಅಡ್ಡಳತೆ ಅದು. ಒಳಗಿನ ನೀರು ಹೋಗಿರುವುದರಿಂದ ನಿಜದ ವೆಸಿಕಲ್ ಇದಕ್ಕಿಂತ ದೊಡ್ಡದಿತ್ತು. ಮೊನೆಯ ದಪ್ಪ ಅಗಲವನ್ನು ಹಿಗ್ಗಿಸಿರುವುದರಿಂದ ಇನ್ನೊಂದು ಕಡೆಗೂ ತಪ್ಪಿದೆ. ಎನ್‌ಟಿಎ ಸಂಖ್ಯೆಗೆ ತಾಳೆಯಾಗಲಿಲ್ಲವೆಂದು ಗಾಬರಿ ಬೇಡ.

ಹಂತ 8: ರೋಹಿತ ತೆಗೆಯಿರಿ

ಮೊನೆಯನ್ನು ವೆಸಿಕಲ್‌ನ ನಡುವೆ ನಿಲ್ಲಿಸಿ, ಅನುರಣನವನ್ನು ಅಲ್ಲಿಯೇ ಹೊಸದಾಗಿ ಹುಡುಕಿ. ಮೆತ್ತನೆಯ ವೆಸಿಕಲ್ ಮೇಲೆ ಮತ್ತು ಗಟ್ಟಿ ಚಿನ್ನದ ಮೇಲೆ ಅನುರಣನ ಬೇರೆ ಬೇರೆ.

ಲೇಸರ್ ಶಕ್ತಿಯನ್ನು ತೀರಾ ಕೆಳಗಿನಿಂದ ಶುರುಮಾಡಿ ಸಂಕೇತ ಗದ್ದಲದಿಂದ ಮೇಲೆ ಬರುವಷ್ಟಕ್ಕೆ ನಿಲ್ಲಿಸಿ. 900ರಿಂದ 1800, 2 ಸೆಂ.ಮೀ.⁻¹ ಹೆಜ್ಜೆ, ಬಿಂದುವಿಗೆ 100 ಮಿಲಿಸೆಕೆಂಡ್: 451 ಬಿಂದು, ಸುಮಾರು 45 ಸೆಕೆಂಡು. ಇಂಥ ಐದು ರೋಹಿತ ತೆಗೆಯಿರಿ, ಆದರೆ ಸರಾಸರಿ ಮಾಡುವ ಮುನ್ನ ಒಂದರ ಮೇಲೊಂದಿಟ್ಟು ನೋಡಿ. ಮೊದಲನೆಯದರಿಂದ ಐದನೆಯದಕ್ಕೆ ಪೀಕ್ ಒಂದೇ ದಿಕ್ಕಿಗೆ ಕುಗ್ಗುತ್ತ ಅಥವಾ ಸರಿಯುತ್ತ ಹೋಗಿದ್ದರೆ ನೀವು ವೆಸಿಕಲ್ ಬೇಯಿಸುತ್ತಿದ್ದೀರಿ, ಇಲ್ಲವೇ ಮೊನೆ ಜಾರುತ್ತಿದೆ. ಮತ್ತೆ ಎತ್ತರದ ಚಿತ್ರ ತೆಗೆಯಿರಿ. ಎತ್ತರ ಶೇ 10ಕ್ಕಿಂತ ಹೆಚ್ಚು ಬದಲಾಗಿದ್ದರೆ ಆ ವೆಸಿಕಲ್ಲನ್ನು ಲೆಕ್ಕದಿಂದ ಬಿಡಿ.

ಪ್ರತಿ ವೆಸಿಕಲ್‌ಗೂ ಪಕ್ಕದ, ಕಾಲು ಮೈಕ್ರೋಮೀಟರ್ ಆಚೆಯ ಖಾಲಿ ಚಿನ್ನದ ಮೇಲೆ ಜೋಡಿ ರೋಹಿತ ಕಡ್ಡಾಯ. ಬೆಳಿಗ್ಗೆ ಒಮ್ಮೆ ತೆಗೆದದ್ದು ಸಂಜೆಗೆ ಆಗದು. ಮೊನೆ ಮಧ್ಯಾಹ್ನವೇ ಏನನ್ನೋ ಮೆತ್ತಿಕೊಂಡಿರಬಹುದು. ಖಾಲಿ ನೆಲದಲ್ಲೂ ಅಮೈಡ್ ಕಾಣತೊಡಗಿದರೆ ಮೊನೆಯ ಮೇಲೆ ವೆಸಿಕಲ್ ಚೂರು ಹತ್ತಿದೆ ಎಂದರ್ಥ. ಮೊನೆ ಬದಲಿಸಿ, ಕೊನೆಯ ಶುಚಿ ಜೋಡಿಯ ನಂತರದ ಎಲ್ಲವನ್ನೂ ತೆಗೆದುಹಾಕಿ.

ಹಂತ 9: ರಾಸಾಯನಿಕ ನಕ್ಷೆ

ಇಲ್ಲಿ ತರಂಗಸಂಖ್ಯೆ ಒಂದೇ, ಮೊನೆ ಓಡಾಡುತ್ತದೆ. 1 ಮೈಕ್ರೋಮೀಟರ್ ಚೌಕ, 256 × 256 ಬಿಂದು, ಸೆಕೆಂಡಿಗೆ 0.3 ಸಾಲು. ಒಂದು ನಕ್ಷೆಗೆ 14 ನಿಮಿಷ. ಪ್ರತಿ ಬಿಂದುವಿನ ಮೇಲೆ ಮೊನೆ ಇರುವುದು 6–7 ಮಿಲಿಸೆಕೆಂಡ್ ಮಾತ್ರ. ಲಾಕ್-ಇನ್‌ನ (ಗದ್ದಲದಿಂದ ಸಂಕೇತ ಹೆಕ್ಕುವ ಸಾಧನದ) ಕಾಲಾವಧಿ 1–2 ಮಿಲಿಸೆಕೆಂಡ್ ಇಡಿ, ಹೆಚ್ಚಿದ್ದರೆ ಚಿತ್ರ ಪಕ್ಕಕ್ಕೆ ಎಳೆದಂತೆ ಮಸುಕಾಗುತ್ತದೆ.

1740, 1655, 1085 ಮತ್ತು 1800: ನಾಲ್ಕು ನಕ್ಷೆ. 1800ರಲ್ಲಿ ಜೈವಿಕ ವಸ್ತು ಏನನ್ನೂ ಹೀರುವುದಿಲ್ಲ. ಅಲ್ಲಿಯೂ ವೆಸಿಕಲ್ ಹೊಳೆದರೆ ನೀವು ನೋಡುತ್ತಿರುವುದು ರಸಾಯನವಲ್ಲ, ಬಿಗಿತದ ವ್ಯತ್ಯಾಸ. ಅನುರಣನವನ್ನು ಹಿಂಬಾಲಿಸುವ ಪಿಎಲ್‌ಎಲ್ ಸೌಲಭ್ಯ ಚಾಲೂ ಇದೆಯೇ ನೋಡಿ. ನಕ್ಷೆಗಳನ್ನು ಎತ್ತರದ ಚಿತ್ರದ ಸಹಾಯದಿಂದ ಒಂದರ ಮೇಲೊಂದು ಸರಿಯಾಗಿ ಕೂರಿಸಿ (ಒಂದು ಗಂಟೆಯಲ್ಲಿ ಹತ್ತಾರು ನ್ಯಾನೋಮೀಟರ್ ಜರುಗಿರುತ್ತದೆ), ಆಮೇಲೆ 1740ನ್ನು 1655ರಿಂದ ಭಾಗಿಸಿ. ಅನುಪಾತದಲ್ಲಿ ದಪ್ಪದ ಮತ್ತು ಬಿಗಿತದ ಪ್ರಭಾವ ಬಹುಪಾಲು ಕಳೆದುಹೋಗುತ್ತದೆ. ಬಿಡಿ ನಕ್ಷೆಯ ಹೊಳಪನ್ನು ಎಂದೂ "ಪ್ರಮಾಣ" ಎಂದು ಬರೆಯಬೇಡಿ.

ಹಂತ 10: ಲೆಕ್ಕ ಮತ್ತು ಅರ್ಥ

ಕ್ರಮ ಹೀಗಿರಲಿ: ಲೇಸರ್ ಶಕ್ತಿಯಿಂದ ಭಾಗಿಸಿ, ಪಕ್ಕದ ಚಿನ್ನದ ರೋಹಿತ ಕಳೆಯಿರಿ, ಹಗುರವಾಗಿ ನಯಗೊಳಿಸಿ, ಅಮೈಡ್ 1ರ ಎತ್ತರಕ್ಕೆ ಸಮಗೊಳಿಸಿ. ನಯಗೊಳಿಸುವ ಸಾವಿಟ್ಸ್‌ಕಿ-ಗೋಲೇ ಲೆಕ್ಕದ ಕಿಟಕಿ (ಒಮ್ಮೆಗೆ ಸೇರಿಸಿಕೊಳ್ಳುವ ಅಕ್ಕಪಕ್ಕದ ಬಿಂದುಗಳು) 9 ಬಿಂದು ದಾಟದಿರಲಿ. 15 ಬಿಂದು ಎಂದರೆ 30 ಸೆಂ.ಮೀ.⁻¹, ಸುರುಳಿ ಮತ್ತು ಹಾಳೆ ರಚನೆಗಳ ನಡುವಿನ ಅಂತರವೇ ಅಷ್ಟು.

ಇನ್ನು ಅನುಪಾತಗಳ ಬಗ್ಗೆ. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್, ವೆಸಿಕಲ್ ಸಣ್ಣದಿರಲಿ ದೊಡ್ಡದಿರಲಿ. 200 ನ್ಯಾನೋಮೀಟರ್ ಚೀಲದ ಗಾತ್ರಫಲದಲ್ಲಿ ಪೊರೆಯ ಪಾಲು ಶೇ 14. 100ರದ್ದರಲ್ಲಿ ಶೇ 27. 50ರದ್ದರಲ್ಲಿ ಶೇ 49. ಅಂದರೆ ಒಳಸರಕು ಒಂದೇ ಇದ್ದರೂ ಸಣ್ಣ ವೆಸಿಕಲ್ "ಕೊಬ್ಬು ಹೆಚ್ಚಿರುವುದು" ಎಂದೇ ಕಾಣುತ್ತದೆ. ಇದು ಬರಿಯ ಜ್ಯಾಮಿತಿ. ರೋಗಿಯ ಇವಿ, ಆರೋಗ್ಯವಂತರ ಇವಿ ಬೇರೆ ಎನ್ನುವ ಮುಂಚೆ ಕೊಬ್ಬು-ಪ್ರೋಟೀನ್ ಅನುಪಾತವನ್ನು ಗಾತ್ರದ ಎದುರು ಚುಕ್ಕೆ ಹಾಕಿ ನೋಡಿ. ಎರಡೂ ಗುಂಪು ಒಂದೇ ಗೆರೆಯ ಮೇಲೆ ಕೂತರೆ ನಿಮ್ಮಲ್ಲಿರುವುದು ಗಾತ್ರದ ವ್ಯತ್ಯಾಸ ಮಾತ್ರ. ನಮ್ಮ ಮಟ್ಟಿಗೆ, ಈ ಒಂದು ಚಿತ್ರವಿಲ್ಲದ ಹೋಲಿಕೆಯನ್ನು ನಂಬುವುದು ಕಷ್ಟ.

ಆರ್‌ಎನ್‌ಎ ಕುರಿತೂ ಅಷ್ಟೇ ಎಚ್ಚರ. 1085 ಮತ್ತು 1235ರ ಪೀಕ್‌ಗಳು ಪೊರೆಯ ಫಾಸ್ಫೋಲಿಪಿಡ್‌ನಿಂದಲೂ ಬರುತ್ತವೆ. ಅವುಗಳನ್ನು 1740ಕ್ಕೆ ಹೋಲಿಸಿ, ಲೈಪೋಸೋಮ್ ಫಲಕದ ಅನುಪಾತಕ್ಕಿಂತ ಸ್ಪಷ್ಟವಾಗಿ ಮೇಲಿದ್ದರೆ ಮಾತ್ರ ಬೇರೇನೋ ಇದೆ ಎನ್ನಬಹುದು. ಅದು ಆರ್‌ಎನ್‌ಎಯೇ ಎನ್ನಲು ಆರ್‌ಎನ್‌ಎ ಕತ್ತರಿಸುವ ಕಿಣ್ವದ ಪರೀಕ್ಷೆ ಬೇಕು.

ಚಿನ್ನದ ನೆಲದ ಮೇಲೆ ನಿಂತ ಬಂಧಗಳು ಮಲಗಿದ ಬಂಧಗಳಿಗಿಂತ ಜೋರಾಗಿ ಕಾಣುತ್ತವೆ, ಆದ್ದರಿಂದ ಅಮೈಡ್ 1 ಮತ್ತು 2ರ ಅನುಪಾತ ಸಾಮಾನ್ಯ ಅವಕೆಂಪು ಯಂತ್ರದಲ್ಲಿ (ಎಫ್‌ಟಿಐಆರ್) ತೆಗೆದ ರೋಹಿತಗಳ ಸಂಗ್ರಹಕ್ಕೆ ತಾಳೆಯಾಗದು. ಹೋಲಿಕೆ ನಿಮ್ಮದೇ ಆಲ್ಬುಮಿನ್ ಫಲಕದೊಂದಿಗೆ ಇರಲಿ.

ಪ್ರಧಾನ ಘಟಕ ವಿಶ್ಲೇಷಣೆ (ನೂರಾರು ರೋಹಿತಗಳಲ್ಲಿ ಹೆಚ್ಚು ಬದಲಾಗುವ ಅಂಶಗಳನ್ನು ಹೆಕ್ಕುವ ಗಣಿತ) ಮಾಡಿದರೆ ಮೊದಲು ದಿನಾಂಕ, ಮೊನೆ, ತೇವಾಂಶಗಳ ಪ್ರಕಾರ ಬಣ್ಣ ಹಾಕಿ. ಗುಂಪುಗಳು ಮೊನೆಯ ಪ್ರಕಾರ ಬೇರ್ಪಟ್ಟರೆ ಅದು ಜೀವಶಾಸ್ತ್ರವಲ್ಲ. ಅಂಕಿಸಂಖ್ಯೆಗೆ ಕನಿಷ್ಠ ಮೂರು ಪ್ರತ್ಯೇಕ ತಯಾರಿಕೆಗಳಿಂದ ತಲಾ 15–20 ವೆಸಿಕಲ್ ಬೇಕು. ಒಂದೇ ತಯಾರಿಕೆಯ 60 ವೆಸಿಕಲ್ ಎಂದರೆ 60 ಪುನರಾವರ್ತನೆಯಲ್ಲ, ಒಂದೇ.

ಒಂದು ದಿನದ ಸಮಯವನ್ನು ಹಂಚಿಕೊಳ್ಳುವುದು

ಎಂಟು ಗಂಟೆಯ ಬುಕಿಂಗ್ ಇದ್ದರೆ: ಒಣಗಾಳಿ, ಹೊಂದಿಕೆ, ಮೊನೆಯ ಶುಚಿ ಪರೀಕ್ಷೆಗೆ ಒಂದೂವರೆ ಗಂಟೆ, ಹೋಲಿಕೆ ಫಲಕಗಳಿಗೆ ಒಂದು ಗಂಟೆ, 15 ವೆಸಿಕಲ್‌ಗಳ ಜೋಡಿ ರೋಹಿತಕ್ಕೆ ಮೂರು ಗಂಟೆ, ಎರಡು ವೆಸಿಕಲ್‌ಗಳ ನಾಲ್ಕು ನಾಲ್ಕು ನಕ್ಷೆಗೆ ಎರಡು ಗಂಟೆ. ಕೊನೆಯ ಅರ್ಧ ಗಂಟೆ ಮತ್ತೆ ಬರಿಯ ಚಿನ್ನ ಮತ್ತು ಪಿಎಂಎಂಎ. ಸಂಜೆಯ ಈ ಪರೀಕ್ಷೆಯನ್ನು ಸಮಯವಿಲ್ಲವೆಂದು ಕೈಬಿಡುವವರೇ ಹೆಚ್ಚು. ಬಿಡಬೇಕೆಂದಿದ್ದರೆ ಒಂದು ನಕ್ಷೆ ಬಿಡಿ. ನಯಗೊಳಿಸದ ಮೂಲ ಕಡತಗಳ ಜತೆ ಮೊನೆಯ ಮಾದರಿ, ಅನುರಣನ, ಲೇಸರ್ ಶಕ್ತಿಯ ಶೇಕಡಾ, ಮಿಡಿತದ ಅಗಲ, ತೇವಾಂಶ ಇಷ್ಟನ್ನೂ ಅಂದೇ ಬರೆದಿಡಿ.